ಹಳೇಪೇಟೆಯ ವಠಾರಕ್ಕೆ ಮನೆ ಬದಲಿಸಿದ ಪ್ರಾಧ್ಯಾಪಕ: ಪ್ಯಾಟ್ರಿಕ್ ಗೆಡ್ಡೀಸ್

ಹಳೆಯ ಕೇರಿಯೊಂದು ಜೀರ್ಣವಾಗತೊಡಗಿದಾಗ ಎರಡು ಮಾತುಗಳು ಕೇಳಿಬರುವುದು ವಾಡಿಕೆ. ಅದನ್ನು ಕೆಡವಿ ಅಗಲವಾದ ರಸ್ತೆ ಮಾಡಬೇಕೆಂಬುದು ಒಂದು. ಅದರ ಗೊಡವೆ ಬೇಡ, ಹೊಸ ಬಡಾವಣೆಯಲ್ಲಿ ಮನೆ ಮಾಡೋಣವೆಂಬುದು ಮತ್ತೊಂದು. ಈ ಎರಡನ್ನೂ ಒಪ್ಪದೆ ಮೂರನೆಯ ದಾರಿಯನ್ನು ಬದುಕಿ ತೋರಿಸಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್. ವೃತ್ತಿಯಿಂದ ಸಸ್ಯಶಾಸ್ತ್ರಜ್ಞರಾಗಿದ್ದ ಅವರು ಎಡಿನ್‌ಬರೋ ನಗರದ ಪಾಳುಬಿದ್ದ ಹಳೇಪೇಟೆಗೆ ಪತ್ನಿಯೊಡನೆ ಹೋಗಿ ನೆಲೆಸಿ, ಅಲ್ಲಿಯ ನೆರೆಹೊರೆಯವರೊಡಗೂಡಿ ಆ ಪೇಟೆಯನ್ನು ದುರಸ್ತಿಗೊಳಿಸಿದರು. ಅಲ್ಲಿ ಕಲಿತುದನ್ನು ಮುಂದೆ ಭಾರತಕ್ಕೂ ತಂದರು. ಅವರು ಮೊದಲು ಸಂಚರಿಸಿದ ಮದ್ರಾಸ್ ಪ್ರಾಂತ್ಯದೊಳಗೆ ಅಂದು ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗ, ಮಡಕಶಿರಾಗಳೆಲ್ಲವೂ ಸೇರಿದ್ದವು. ಆದುದರಿಂದ ಅವರ ಜೀವನವನ್ನು ನಮ್ಮ ಓದುಗರಿಗೆ, ವಿಶೇಷವಾಗಿ ಶಾಲಾ ಮಕ್ಕಳಿಗೂ ಪಾಲಕರಿಗೂ ಪರಿಚಯಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬಾಲ್ಯ, ವಿದ್ಯೆ ಮತ್ತು ಕತ್ತಲ ಕೋಣೆ

ಗೆಡ್ಡೀಸರು 1854ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿದ್ದವರು. ಪ್ಯಾಟ್ರಿಕ್ ಎಳೆಯವನಿರುವಾಗಲೇ ಕುಟುಂಬವು ಪರ್ತ್ ಪಟ್ಟಣದ ಅಂಚಿನ ಗುಡ್ಡದ ಮೇಲಿನ ಮನೆಯೊಂದಕ್ಕೆ ಬಂದು ನೆಲೆಸಿತು. ಮನೆಯ ಸುತ್ತ ತೋಟ, ಕೆಳಗೆ ಟೇ ನದಿ, ನದಿಯ ದಡದಲ್ಲಿ ಪಟ್ಟಣ. ಗಿಡಗಳ ಆರೈಕೆಯನ್ನು ಹುಡುಗನು ತಂದೆಯೊಡನೆ ತೋಟದಲ್ಲಿ ಕಲಿತನು. ಊರನ್ನು ಅದರ ನದಿ, ಬೆಟ್ಟ, ಹೊಲಗಳೊಡನೆ ಒಂದೇ ನೋಟದಲ್ಲಿ ಕಾಣುವ ಅಭ್ಯಾಸವನ್ನು ಆ ಗುಡ್ಡವು ಕಲಿಸಿತು.

ಶಾಲೆಯ ಬಳಿಕ ಕೆಲಕಾಲ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ಅವರು ಅದನ್ನು ಬಿಟ್ಟು 1874ರಲ್ಲಿ ಲಂಡನ್ನಿಗೆ ಹೋಗಿ ಪ್ರಸಿದ್ಧ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿಯವರ ಶಿಷ್ಯರಾದರು. ಅಲ್ಲಿ ಆಳವಾದ ತರಬೇತಿ ದೊರೆಯಿತು. ಆದರೆ ಪದವಿಯೊಂದನ್ನು ಸಂಪಾದಿಸುವ ಹಂಬಲ ಅವರಿಗೆ ಹುಟ್ಟಲೇ ಇಲ್ಲ. ಪದವಿಯಿಲ್ಲದೆಯೇ ಮುಂದೆ ಅವರು ಪ್ರಾಧ್ಯಾಪಕರಾದರು.

1879ರಲ್ಲಿ ಸಂಶೋಧನೆಗಾಗಿ ಮೆಕ್ಸಿಕೋ ದೇಶಕ್ಕೆ ಹೋಗಿದ್ದಾಗ ಅವರ ಕಣ್ಣುಗಳು ಮಸುಕಾದವು. ಕೆಲವು ವಾರಗಳ ಕಾಲ ಕತ್ತಲ ಕೋಣೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಇರಬೇಕಾಯಿತು. ಇಪ್ಪತ್ತೈದರ ಯುವಕನಿಗೆ ಮುಂದೆ ಲೋಕ ಕಾಣುವುದೋ ಇಲ್ಲವೋ ಎಂಬ ಭೀತಿ. ಆ ದಿನಗಳಲ್ಲಿ ಕಿಟಕಿಯ ಚೌಕಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತ, ಒಂದೊಂದು ಚೌಕದಲ್ಲಿ ಒಂದೊಂದು ವಿಚಾರವನ್ನಿಟ್ಟು ಜೋಡಿಸುವ ಕ್ರಮವನ್ನು ಅವರು ಕಂಡುಕೊಂಡರು. ಜೀವಮಾನವಿಡೀ ಕಾಗದವನ್ನು ಮಡಿಸಿ ಚೌಕ ಮಾಡಿ ಯೋಚಿಸುವ ರೂಢಿ ಅಲ್ಲಿಂದ ಬಂದುದು. ದೃಷ್ಟಿಯೇನೋ ಮರಳಿತು, ಆದರೆ ಸೂಕ್ಷ್ಮದರ್ಶಕದ ಮುಂದೆ ಬಹುಹೊತ್ತು ಕೂರುವ ಶಕ್ತಿ ಉಳಿಯಲಿಲ್ಲ. ಸಸ್ಯಕೋಶಗಳನ್ನು ನೋಡುತ್ತಿದ್ದ ಕಣ್ಣು ಕ್ರಮೇಣ ಊರುಗಳತ್ತ ತಿರುಗಿತು. ನೆಲ, ದುಡಿಮೆ, ಕುಟುಂಬ ಈ ಮೂರನ್ನೂ ಕೂಡಿಸಿ ಸಮಾಜವನ್ನು ಅರಿಯಬೇಕೆಂದು ಕಲಿಸಿದ ಫ್ರಾನ್ಸಿನ ಫ್ರೆಡರಿಕ್ ಲ ಪ್ಲೇ ಅವರ ವಿಚಾರಗಳು ಅದಕ್ಕೆ ಆಧಾರವಾದವು.

ಹಳೇಪೇಟೆಯ ಪಾಡು

ಗೆಡ್ಡೀಸರು ಅಧ್ಯಾಪಕರಾಗಿ ಬಂದ ಎಡಿನ್‌ಬರೋ ನಗರದ ಹಳೇಪೇಟೆಯು ಬಂಡೆಯ ಏಣೊಂದರ ಮೇಲೆ ಬೆಳೆದ ಊರು. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಹೋಲಿರೂಡ್ ಅರಮನೆ, ನಡುವೆ ಸುಮಾರು ಒಂದು ಮೈಲಿ ಉದ್ದದ ರಾಜಬೀದಿ. ಬೀದಿಯ ಎರಡೂ ಬದಿಯಲ್ಲಿ ಇಳಿಜಾರಿಗೆ ಹರಿದ ಕಿರಿದಾದ ಓಣಿಗಳು, ಓಣಿಗಳೊಳಗೆ ಅಂಗಳಗಳು, ಅಂಗಳಗಳ ಸುತ್ತ ಕಲ್ಲಿನ ವಠಾರಗಳು. ಅಗಲಕ್ಕೆ ಜಾಗವಿಲ್ಲದ ಕಾರಣ ಮನೆಗಳು ಎತ್ತರಕ್ಕೆ ಬೆಳೆದಿದ್ದವು. ಒಂದೇ ಮೆಟ್ಟಿಲ ಸಾಲಿನ ಬೇರೆ ಬೇರೆ ಅಂತಸ್ತುಗಳಲ್ಲಿ ಶ್ರೀಮಂತನೂ ವಕೀಲನೂ ವರ್ತಕನೂ ಕೂಲಿಯೂ ವಾಸಿಸುತ್ತಿದ್ದರು. ಒಬ್ಬರ ಕಷ್ಟಸುಖ ಇನ್ನೊಬ್ಬರ ಕಣ್ಣಿಗೆ ಬೀಳದೆ ಇರುವಂತಿರಲಿಲ್ಲ. ಈ ಬೆರೆತ ಬಾಳುವೆಯೇ ಆ ಪೇಟೆಯ ಲಕ್ಷಣವಾಗಿತ್ತು.

1767ರಲ್ಲಿ ಜೇಮ್ಸ್ ಕ್ರೇಗ್ ಎಂಬ ತರುಣ ವಾಸ್ತುಶಿಲ್ಪಿಯ ನಕ್ಷೆಯಂತೆ ಉತ್ತರದ ಬಯಲಿನಲ್ಲಿ ನೇರ ಬೀದಿಗಳ ಹೊಸ ಬಡಾವಣೆ ಸಿದ್ಧವಾಗತೊಡಗಿತು. ಉಳ್ಳವರು ಒಬ್ಬೊಬ್ಬರಾಗಿ ಅಲ್ಲಿಗೆ ಹೋದರು. ಅವರು ಬಿಟ್ಟುಹೋದ ವಿಶಾಲವಾದ ಮನೆಗಳನ್ನು ಹಲಗೆಯ ಗೋಡೆಗಳಿಂದ ಸೀಳಿ ಕೋಣೆಗೊಂದು ಸಂಸಾರದಂತೆ ಬಾಡಿಗೆಗೆ ಕೊಡಲಾಯಿತು. ದುರಸ್ತಿ ಮಾಡಿಸುವವರಿಲ್ಲ, ನೀರು, ಚರಂಡಿಗಳ ವ್ಯವಸ್ಥೆಯಿಲ್ಲ. 1861ರ ನವೆಂಬರ್ ತಿಂಗಳ ಒಂದು ರಾತ್ರಿ ರಾಜಬೀದಿಯ ವಠಾರವೊಂದು ಕುಸಿದು 35 ಜನ ಮಡಿದರು. ಅವಶೇಷಗಳಡಿಯಿಂದ ಬಾಲಕನೊಬ್ಬನು ತಾನಿನ್ನೂ ಸತ್ತಿಲ್ಲವೆಂದು ಕೂಗಿ ಹೇಳಿದ್ದರಿಂದ ಅವನನ್ನು ಜೀವಸಹಿತ ಹೊರತೆಗೆಯಲಾಯಿತು. ಅವನ ಮುಖವನ್ನು ಆ ಓಣಿಯ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ್ದಾರೆ, ಇಂದಿಗೂ ಕಾಣಬಹುದು.

ಈ ದುರಂತದ ತರುವಾಯ ನಗರಸಭೆ ಎಚ್ಚೆತ್ತಿತು. ಆರೋಗ್ಯಾಧಿಕಾರಿ ಹೆನ್ರಿ ಲಿಟಲ್‌ಜಾನ್ ಅವರು 1865ರಲ್ಲಿ ಹಳೇಪೇಟೆಯ ರೋಗರುಜಿನಗಳ ವರದಿಯನ್ನು ಕೊಟ್ಟರು. 1867ರ ಸುಧಾರಣಾ ಕಾಯಿದೆಯಂತೆ ಹಲವು ಓಣಿಗಳನ್ನು ಕೆಡವಿ ಹೊಸ ರಸ್ತೆಗಳನ್ನು ಕಡಿಯಲಾಯಿತು. ಗಾಳಿ ಬೆಳಕುಗಳೇನೋ ಬಂದವು. ಆದರೆ ಮನೆ ಕಳೆದುಕೊಂಡ ಬಡವರಿಗೆ ಹೊಸ ಕಟ್ಟಡಗಳ ಬಾಡಿಗೆಯನ್ನು ತೆರುವ ಶಕ್ತಿಯಿರಲಿಲ್ಲ. ಅವರು ಪಕ್ಕದ ಓಣಿಗಳಲ್ಲಿ ತುಂಬಿಕೊಂಡರು. ಒಂದೆಡೆ ಕಡಿಮೆಯಾದ ಇಕ್ಕಟ್ಟು ಮತ್ತೊಂದೆಡೆ ಹೆಚ್ಚಾಯಿತು. ಕೆಡವುವ ಮದ್ದು ರೋಗವನ್ನು ಗುಣಪಡಿಸದೆ ಸ್ಥಳಾಂತರಿಸುತ್ತದೆಂಬುದನ್ನು ಗೆಡ್ಡೀಸರು ಇಲ್ಲಿಯೇ ಕಣ್ಣಾರೆ ಕಂಡರು.

ವಠಾರದ ಸಂಸಾರ

1886ರಲ್ಲಿ ಗೆಡ್ಡೀಸರು ಆನಾ ಮಾರ್ಟನ್ ಅವರನ್ನು ವಿವಾಹವಾದರು. ಆನಾ ಲಿವರ್‌ಪೂಲಿನ ವರ್ತಕರೊಬ್ಬರ ಮಗಳು, ಸಂಗೀತ ಬಲ್ಲವರು, ಬಡವರ ಸೇವೆಯಲ್ಲಿ ಮನಸ್ಸಿಟ್ಟವರು. ದಂಪತಿಗಳು ಮೊದಲು ನೆಲೆಸಿದ್ದು ಹೊಸ ಬಡಾವಣೆಯ ಅನುಕೂಲವಾದ ಮನೆಯಲ್ಲಿ. ಮರುವರ್ಷವೇ ಅದನ್ನು ತೊರೆದು ಹಳೇಪೇಟೆಯ ಜೇಮ್ಸ್ ಕೋರ್ಟ್ ಎಂಬ ಅಂಗಳದ ವಠಾರಕ್ಕೆ ಬಂದರು. ಹಿಂದೆ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ವಾಸಿಸಿದ್ದ ಆ ಅಂಗಳವು ಈಗ ಕೊಳಚೆಯ ತಾಣವಾಗಿತ್ತು. ಸಭ್ಯರು ಬಿಟ್ಟುಹೋದ ಕಡೆಗೆ ಉಪನ್ಯಾಸಕರೊಬ್ಬರು ನವವಧುವನ್ನು ಕರೆದುಕೊಂಡು ಹೋದುದು ಬಂಧುಮಿತ್ರರಿಗೆ ಬೆರಗನ್ನುಂಟುಮಾಡಿತೆಂದರೆ ಆಶ್ಚರ್ಯವಿಲ್ಲ. ಮೊದಲ ಮಗಳು ನೋರಾಳ ಶೈಶವ ಕಳೆದದ್ದು ಆ ವಠಾರದಲ್ಲಿಯೇ.

ಅಲ್ಲಿ ಅವರು ಉಪದೇಶ ಮಾಡಲು ಹೊರಡಲಿಲ್ಲ. ತಮ್ಮ ಮನೆಯನ್ನು ತೊಳೆದು ಸುಣ್ಣ ಬಳಿದರು; ಕಿಟಕಿಗಳಲ್ಲಿ ಹೂವಿನ ಗಿಡಗಳನ್ನಿಟ್ಟರು; ಅಂಗಳದ ಕಸವನ್ನು ತಾವೇ ಗುಡಿಸಿದರು. ನೋಡಿದ ನೆರೆಯವರಲ್ಲಿ ಕೆಲವರು ಕೈಜೋಡಿಸಿದರು. ಕತ್ತಲು ಕವಿದಿದ್ದ ಗೋಡೆಗಳು ಬೆಳ್ಳಗಾದವು, ಮುಚ್ಚಿದ ಕಿಟಕಿಗಳು ತೆರೆದವು, ಇಕ್ಕಟ್ಟಾದ ಕೋಣೆಗಳ ನಡುವಿನ ಹಲಗೆಗಳನ್ನು ತೆಗೆದು ಎರಡನ್ನು ಒಂದು ಮಾಡಲಾಯಿತು. ಗೆಳೆಯರನ್ನು ಕೂಡಿಸಿಕೊಂಡು ಅವರು ಕಟ್ಟಿದ ಎಡಿನ್‌ಬರೋ ಸಾಮಾಜಿಕ ಒಕ್ಕೂಟವು ಇಂಥ ದುರಸ್ತಿಗಳನ್ನು ಇತರ ಓಣಿಗಳಿಗೂ ಒಯ್ದಿತು.

ಗೆಡ್ಡೀಸರ ರೀತಿಯು ವೈದ್ಯನ ರೀತಿ. ಮೊದಲು ರೋಗಿಯನ್ನು ನೋಡಬೇಕು, ಆಮೇಲೆ ಮದ್ದು. ಪೇಟೆಯ ಒಂದೊಂದು ಮನೆಯನ್ನೂ ಹೊಕ್ಕು, ಯಾವುದು ಗಟ್ಟಿ, ಯಾವುದು ದುರಸ್ತಿಗೆ ಯೋಗ್ಯ, ಯಾವುದು ನಿಜವಾಗಿ ಕೊಳೆತಿದೆ ಎಂದು ಗುರುತುಮಾಡಬೇಕು. ಕೊಳೆತುದನ್ನಷ್ಟೇ ತೆಗೆಯಬೇಕು. ತೆಗೆದ ಜಾಗವನ್ನು ಅಂಗಳವನ್ನಾಗಿಯೋ ತೋಟವನ್ನಾಗಿಯೋ ಬಿಟ್ಟರೆ ಉಳಿದ ಮನೆಗಳಿಗೆ ಗಾಳಿ ಬೆಳಕು ತಾನಾಗಿ ಬರುತ್ತದೆ. ಹೀಗೆ ಉಳಿಸುವುದಕ್ಕಾಗಿಯೇ ಮಾಡುವ ಶಸ್ತ್ರಚಿಕಿತ್ಸೆಯನ್ನು ಅವರು ಸಂರಕ್ಷಕ ಶಸ್ತ್ರಚಿಕಿತ್ಸೆಯೆಂದು ಕರೆದರು. ಊರಿನ ನಕ್ಷೆಯನ್ನು ಕಚೇರಿಯಲ್ಲಿ ಕುಳಿತು ಅಳತೆಪಟ್ಟಿಯಿಂದ ಗೆರೆ ಎಳೆದು ಮಾಡುವವರಿಗೆ ಈ ಕ್ರಮವು ನಿಧಾನವೆನಿಸಿತು. ಆದರೆ ಇದರಲ್ಲಿ ಖರ್ಚು ಕಡಿಮೆ; ಅದಕ್ಕಿಂತ ಮುಖ್ಯವಾಗಿ, ವಾಸವಿರುವವರು ಬೀದಿಪಾಲಾಗುವುದಿಲ್ಲ.

ಹಳೇಪೇಟೆಗೆ ಮತ್ತೆ ಎಲ್ಲ ಬಗೆಯ ಜನರೂ ಬಂದು ಬೆರೆಯಬೇಕೆಂಬುದು ಅವರ ಆಸೆ. 1887ರಲ್ಲಿ ಅಲ್ಲಿ ವಿದ್ಯಾರ್ಥಿನಿಲಯವೊಂದನ್ನು ತೆರೆದು ಅದರ ಆಡಳಿತವನ್ನು ವಿದ್ಯಾರ್ಥಿಗಳ ಕೈಗೇ ಒಪ್ಪಿಸಿದರು. ರಿಡಲ್ಸ್ ಕೋರ್ಟ್ ಎಂಬ ಪುರಾತನ ಮನೆಯನ್ನು ದುರಸ್ತಿಮಾಡಿಸಿ, ಬದುಕುತ್ತ ಕಲಿಯುತ್ತೇವೆಂಬ ಅರ್ಥದ ಲ್ಯಾಟಿನ್ ನುಡಿಯನ್ನು ಅದರ ಬಾಗಿಲ ಮೇಲೆ ಕೆತ್ತಿಸಿದರು. ಕೆಡವಲು ಗುರುತಾಗಿದ್ದ ಲೇಡಿ ಸ್ಟೇರ್ ಅವರ ಮನೆಯನ್ನು ರೋಸ್‌ಬರಿ ಪ್ರಭುಗಳು ಕೊಂಡು ಉಳಿಸುವಂತೆ ಮಾಡಿದರು. ಅದು ಇಂದು ಲೇಖಕರ ವಸ್ತುಸಂಗ್ರಹಾಲಯ. ಕೋಟೆಯ ಬಳಿ ಕವಿ ಆಲನ್ ರ‍್ಯಾಮ್ಸೆಯವರ ಹಳೆಯ ಮನೆಯನ್ನು ಉಳಿಸಿಕೊಂಡು ಅದರ ಸುತ್ತ ರ‍್ಯಾಮ್ಸೆ ಗಾರ್ಡನ್ ಎಂಬ ಮನೆಗಳ ಗುಂಪನ್ನು ಕಟ್ಟಿಸಿ, ಪ್ರಾಧ್ಯಾಪಕರೂ ಕಲಾವಿದರೂ ಅಲ್ಲಿ ನೆಲೆಸುವಂತೆ ಮಾಡಿದರು. ತಾವೂ ಅಲ್ಲಿಗೆ ಬಂದರು.

1892ರಲ್ಲಿ ಕೋಟೆಯ ಸಮೀಪದ ಎತ್ತರದ ಕಟ್ಟಡವೊಂದನ್ನು ಪಡೆದು ಅದನ್ನು ನೋಟದ ಗೋಪುರವನ್ನಾಗಿ ಮಾರ್ಪಡಿಸಿದರು. ತುದಿಯ ಕತ್ತಲ ಕೋಣೆಯಲ್ಲಿ ಮಸೂರ ಮತ್ತು ಕನ್ನಡಿಗಳ ಮೂಲಕ ಇಡೀ ನಗರದ ಚಲಿಸುವ ಬಿಂಬವು ಬಿಳಿಯ ಮೇಜಿನ ಮೇಲೆ ಮೂಡುತ್ತಿತ್ತು. ಅಲ್ಲಿಂದ ಕೆಳಗಿಳಿದಂತೆ ಒಂದೊಂದು ಅಂತಸ್ತಿನಲ್ಲಿ ಎಡಿನ್‌ಬರೋ, ಸ್ಕಾಟ್ಲೆಂಡ್, ಯೂರೋಪು, ಕೊನೆಗೆ ಲೋಕ. ತನ್ನ ಊರನ್ನು ಮೊದಲು ಕಂಡು ಆಮೇಲೆ ಲೋಕವನ್ನು ತಿಳಿಯಬೇಕೆಂಬುದೇ ಈ ಅನುಕ್ರಮದ ಅರ್ಥ. ಆ ಗೋಪುರದ ಸಮಿತಿಯು ಹಳೇಪೇಟೆಯನ್ನು ಅಳೆದು, ಕಸದ ರಾಶಿಯಡಿ ಪಾಳುಬಿದ್ದಿದ್ದ 76 ತೆರವು ಜಾಗಗಳನ್ನು ಪಟ್ಟಿಮಾಡಿತು. ಎಲ್ಲವನ್ನೂ ಕೂಡಿದರೆ ಹತ್ತು ಎಕರೆ! ಇಕ್ಕಟ್ಟಿನ ಪೇಟೆಯಲ್ಲಿ ಇಷ್ಟು ನೆಲವಿದೆಯೆಂಬುದು ಅಳೆಯುವವರೆಗೆ ಯಾರಿಗೂ ಹೊಳೆದಿರಲಿಲ್ಲ. ಅವುಗಳಲ್ಲಿ ಕೆಲವನ್ನು ಮಕ್ಕಳ ತೋಟಗಳನ್ನಾಗಿ ಮಾಡುವ ಕೆಲಸದಲ್ಲಿ ಬೆಳೆದ ಮಗಳು ನೋರಾ ಮುಂದೆ ನಿಂತರು.

ಇಷ್ಟೆಲ್ಲಕ್ಕೂ ಹಣ ಎಲ್ಲಿಂದ ಬಂದಿತು? ಬಹುಪಾಲು ಸಾಲದಿಂದ. ಗೆಡ್ಡೀಸರು ಲೆಕ್ಕದಲ್ಲಿ ಗಟ್ಟಿಗರಲ್ಲ. ಒಂದು ಮನೆ ಮುಗಿಯುವ ಮೊದಲೇ ಇನ್ನೊಂದನ್ನು ಕೊಳ್ಳುತ್ತಿದ್ದರು. ಸಂಸಾರದ ಭಾರವನ್ನೂ ಸಾಲಗಾರರ ಒತ್ತಾಯವನ್ನೂ ತಾಳಿಕೊಂಡವರು ಆನಾ. ಕೊನೆಗೆ 1896ರಲ್ಲಿ ಮಿತ್ರರು ಕಂಪನಿಯೊಂದನ್ನು ಸ್ಥಾಪಿಸಿ ಆ ಕಟ್ಟಡಗಳ ಹೊಣೆಯನ್ನು ವಹಿಸಿಕೊಂಡರು. ಇನ್ನೊಂದು ಕೊರತೆಯನ್ನೂ ನಾವು ಮರೆಮಾಚಲಾಗದು. ರ‍್ಯಾಮ್ಸೆ ಗಾರ್ಡನ್ನಿನ ಚೆಲುವಾದ ಮನೆಗಳು ಬಡವರ ಕೈಗೆ ಎಟುಕುವಂಥವಾಗಿರಲಿಲ್ಲ. ಕೇರಿ ಚೆನ್ನಾದಂತೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದಂತೆ ಹಳಬರು ಹೊರಬೀಳುತ್ತಾರೆ. ಈ ಗಂಟನ್ನು ಅವರೂ ಪೂರ್ತಿಯಾಗಿ ಬಿಡಿಸಲಿಲ್ಲ.

ಭಾರತದ ಪಟ್ಟಣಗಳಲ್ಲಿ

ಡಂಡೀ ನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗೆಡ್ಡೀಸರಿಗೆ ವರ್ಷದಲ್ಲಿ ಬೇಸಗೆಯ ಒಂದು ಅವಧಿಯಷ್ಟೇ ಪಾಠ. ಉಳಿದ ಕಾಲವೆಲ್ಲ ನಗರಗಳಿಗೆ ಮೀಸಲು. ನಗರಗಳ ಇತಿಹಾಸವನ್ನು ತೋರಿಸುವ ನಕ್ಷೆ, ಚಿತ್ರಗಳ ದೊಡ್ಡ ಪ್ರದರ್ಶನವನ್ನು ಅವರು ಊರೂರಿಗೆ ಒಯ್ಯುತ್ತಿದ್ದರು. ಮದ್ರಾಸಿನ ಗವರ್ನರ್ ಪೆಂಟ್‌ಲೆಂಡ್ ಪ್ರಭುಗಳ ಆಹ್ವಾನದಂತೆ 1914ರಲ್ಲಿ ಅವರು ಭಾರತಕ್ಕೆ ಹೊರಟರು. ಪ್ರದರ್ಶನದ ಸಾಮಗ್ರಿ ಬೇರೆ ಹಡಗಿನಲ್ಲಿತ್ತು. ಮಹಾಯುದ್ಧ ಆರಂಭವಾಗಿದ್ದ ಸಮಯ. ಮದ್ರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನಿಯ ಎಂಡನ್ ನೌಕೆಯೇ ಆ ಹಡಗನ್ನೂ ಮುಳುಗಿಸಿತು. ಹಲವು ವರ್ಷಗಳ ಸಂಗ್ರಹ ಕಡಲಪಾಲಾಯಿತು. ಸ್ವದೇಶದ ಗೆಳೆಯರು ತರಾತುರಿಯಲ್ಲಿ ಹೊಸ ಸಾಮಗ್ರಿಯನ್ನು ಕೂಡಿಸಿ ಕಳುಹಿಸಿದರು. 1915ರ ಆರಂಭದಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆಯಿತು.

ಅದೇ ಕಾಲದಲ್ಲಿ ಅವರು ಪ್ರಾಂತ್ಯದ ಪಟ್ಟಣಗಳನ್ನು ಸುತ್ತಿ ವರದಿ ಬರೆದರು. ತಂಜಾವೂರು, ಮಧುರೆಗಳ ಜೊತೆಗೆ ಬಳ್ಳಾರಿಯೂ ಆ ವರದಿಗಳಲ್ಲಿದೆ. ಆದೋನಿ, ರಾಯದುರ್ಗಗಳು ಅಂದು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ತಂಜಾವೂರಿನ ಕೋಟೆಯೊಳಗಿನ ಇಕ್ಕಟ್ಟಾದ ಕೇರಿಯೊಂದನ್ನು ನೇರ ರಸ್ತೆಗಳಿಂದ ಸೀಳುವ ಯೋಜನೆ ಸಿದ್ಧವಾಗಿತ್ತು. ಗೆಡ್ಡೀಸರು ನಕ್ಷೆ ಹಿಡಿದು ಓಣಿ ಓಣಿ ನಡೆದರು. ಬಿದ್ದ ಮನೆಗಳ ಜಾಗಗಳನ್ನು ಒಂದಕ್ಕೊಂದು ಕೂಡಿಸಿ, ಅಲ್ಲಲ್ಲಿ ಮರಕ್ಕೆ ಎಡೆಮಾಡಿ, ಬಾಗಿದ ಓಣಿಯನ್ನು ಬಾಗಿದಂತೆಯೇ ಬಿಟ್ಟರೆ ಹೆಚ್ಚಿನ ಮನೆಗಳು ಉಳಿಯುವುವೆಂದೂ ವೆಚ್ಚವೂ ಬಹಳ ಇಳಿಯುವುದೆಂದೂ ತೋರಿಸಿದರು.

ನಮ್ಮ ಊರುಗಳಲ್ಲಿ ಅಧಿಕಾರಿಗಳು ಕೊಳಕನ್ನಷ್ಟೇ ಕಂಡ ಕಡೆ ಈ ಪರದೇಶಿಯು ಒಂದು ವಿವೇಕವನ್ನು ಕಂಡರು. ರಥ ತಿರುಗಬೇಕಾದ್ದರಿಂದ ದೇಗುಲದ ಸುತ್ತಣ ಬೀದಿಗಳು ಅಗಲವಾಗಿ ಉಳಿದವೆಂದು ಗುರುತಿಸಿದರು. ಅಂಗಳದ ತುಳಸಿಯನ್ನು ದಿನವೂ ಪೂಜಿಸುವ ಗೃಹಿಣಿಯು ಅಂಗಳವನ್ನೂ ದಿನವೂ ಶುಚಿಯಾಗಿಡುತ್ತಾಳೆಂದು ಮೆಚ್ಚಿದರು. ಸೊಳ್ಳೆಯ ಭಯದಿಂದ ಕೆರೆಗಳನ್ನು ಮುಚ್ಚಿಸುವುದನ್ನು ವಿರೋಧಿಸಿದರು. ಊರಿಗೆ ತಂಪನ್ನೀಯುವ ಕೆರೆಯನ್ನು ಹೂಳೆತ್ತಿ, ಮೀನು ಬಿಟ್ಟು ಉಳಿಸಿಕೊಳ್ಳಬೇಕೆಂದರು.

ಇಂದೋರಿನಲ್ಲಿ ಪ್ಲೇಗು ಹರಡಿದ್ದಾಗ ಅವರು ಮಾಡಿದ ಕೆಲಸವು ಮಕ್ಕಳಿಗೆ ಪ್ರಿಯವಾಗುವಂಥದು. ಕೇರಿಗಳನ್ನು ಅಳೆಯುತ್ತ ನಡೆದಾಗ ಜನ ಅವರನ್ನು ಮನೆ ಕೆಡವಲು ಬಂದವರೆಂದು ಹೆದರಿ ನೋಡುತ್ತಿದ್ದರು. ಆಗ ಅವರು ದೀಪಾವಳಿಗೆ ಮೆರವಣಿಗೆಯೊಂದನ್ನು ಏರ್ಪಡಿಸಿದರು. ಯಾವ ಬೀದಿಯವರು ಹೆಚ್ಚು ಮನೆಗಳನ್ನು ಗುಡಿಸಿ, ದುರಸ್ತಿಮಾಡಿ, ಸುಣ್ಣ ಬಳಿಯುತ್ತಾರೋ ಆ ಬೀದಿಯಲ್ಲಿ ಮೆರವಣಿಗೆ ಸಾಗುವುದೆಂದು ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿಯಿತು. ರಾಶಿ ರಾಶಿ ಕಸ ಗಾಡಿಗಳಲ್ಲಿ ಹೊರಹೋಯಿತು. ಮೆರವಣಿಗೆಯಲ್ಲಿ ಪ್ಲೇಗಿನ ದೊಡ್ಡ ಇಲಿಯೂ ಬಂದಿತು, ಕೊನೆಗೆ ಬೆಂಕಿಗೆ ಆಹುತಿಯಾಯಿತು. ದಂಡದ ಭಯದಿಂದ ಆಗದಿದ್ದುದು ಹಬ್ಬದ ಸಡಗರದಿಂದ ಆಯಿತು. ಆ ನಗರದ ಅವರ ವರದಿಯು 1918ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಈ ನಡುವೆ 1917 ಅವರ ಪಾಲಿಗೆ ಘೋರವಾದ ವರ್ಷ. ಹಿರಿಯ ಮಗ ಅಲಸ್ಡೇರ್ ಫ್ರಾನ್ಸಿನ ರಣರಂಗದಲ್ಲಿ ಮಡಿದ ಸುದ್ದಿ ಬಂದಾಗ ಆನಾ ಇಲ್ಲಿ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಗೆಡ್ಡೀಸರು ಅದನ್ನು ಆಕೆಗೆ ತಿಳಿಸಲಿಲ್ಲ. ಮಗನ ಹಳೆಯ ಪತ್ರಗಳನ್ನೇ ಹಾಸಿಗೆಯ ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಿದ್ದರು. ಮಗನ ಸಾವನ್ನು ಅರಿಯದೆಯೇ ಆಕೆ ಜೂನ್ ತಿಂಗಳಲ್ಲಿ ಕಣ್ಮುಚ್ಚಿದರು. ವಠಾರದ ಮೊದಲ ದಿನದಿಂದ ಜೊತೆಗೆ ನಿಂತ ಕೈ ಇಲ್ಲವಾಯಿತು.

ಕೊನೆಯ ವರ್ಷಗಳು

1919ರಿಂದ 1924ರವರೆಗೆ ಅವರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರಾಗಿದ್ದರು. ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು ಬರೆದರು. ಆರೋಗ್ಯ ಕೆಟ್ಟು ಯೂರೋಪಿಗೆ ಮರಳಿದ ಬಳಿಕ ದಕ್ಷಿಣ ಫ್ರಾನ್ಸಿನ ಮಾಂಪೆಲಿಯೇ ನಗರದ ಹೊರವಲಯದಲ್ಲಿ ವಿದ್ಯಾಸಂಸ್ಥೆಯೊಂದನ್ನು ಕಟ್ಟಿ, ಅದರ ಸುತ್ತ ತೋಟ ಬೆಳೆಸುತ್ತ ಉಳಿದರು. ಹಿಂದೊಮ್ಮೆ ಬೇಡವೆಂದಿದ್ದ ಸರ್ ಪದವಿಯನ್ನು 1932ರಲ್ಲಿ ಸ್ವೀಕರಿಸಿದರು. ಅದೇ ವರ್ಷ ಏಪ್ರಿಲ್ 17ರಂದು ಅಲ್ಲಿಯೇ ನಿಧನರಾದರು.

ಭಾರತದಲ್ಲಿ ಅವರು ಬರೆದ ವರದಿಗಳ ಬಹುಪಾಲು ಕಡತಗಳಲ್ಲಿಯೇ ಉಳಿದವು. ಎಡಿನ್‌ಬರೋದಲ್ಲಿ ಮಾತ್ರ ಅವರ ಕೈಕೆಲಸ ಕಣ್ಣಿಗೆ ಕಾಣುತ್ತದೆ. ಅಲ್ಲಿಯ ಹಳೇಪೇಟೆಯೂ ಹೊಸ ಬಡಾವಣೆಯೂ ಕೂಡಿ 1995ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲುಗೋಡೆಗಳಿಗೆ ಈಗ ಭಯವಿಲ್ಲ, ಭಯವಿರುವುದು ನಿವಾಸಿಗಳಿಗೆ. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಮನೆ ಬಾಡಿಗೆಗೆ ಕೊಡುವುದೇ ಲಾಭವಾದ್ದರಿಂದ ಹಳೇಪೇಟೆಯ ಮನೆಗಳಲ್ಲಿ ಸಂಸಾರ ಹೂಡುವವರು ವಿರಳವಾಗತೊಡಗಿದರು. ಈ ಕಾರಣದಿಂದ 2022ರಲ್ಲಿ ಇಡೀ ನಗರವನ್ನು ಅಲ್ಪಾವಧಿ ಬಾಡಿಗೆಯ ನಿಯಂತ್ರಣ ವಲಯವೆಂದು ಘೋಷಿಸಲಾಯಿತು. ಗೋಡೆ ಉಳಿದು ಜನ ಹೋದರೆ ಕೇರಿ ಉಳಿದಂತಲ್ಲವೆಂಬ ಗೆಡ್ಡೀಸರ ಕಾಣ್ಕೆ ನೂರಮೂವತ್ತು ವರ್ಷಗಳ ಬಳಿಕವೂ ಹಳೆಯದಾಗಿಲ್ಲ.

ಗೆಡ್ಡೀಸರು ತಮ್ಮ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿದವರು. ಹೃದಯ, ಕೈ, ತಲೆ ಎಂಬ ಕ್ರಮದಲ್ಲಿ ವಿದ್ಯೆ ನಡೆಯಬೇಕೆಂದವರು. ಶಾಲಾ ಮಕ್ಕಳು ತಮ್ಮ ಊರನ್ನು ತಾವೇ ಅಳೆದು ಅರಿಯಬೇಕೆಂಬುದು ಅವರ ಶಿಕ್ಷಣದ ತಿರುಳು. ಅದಕ್ಕೆ ಹಣ ಬೇಕಿಲ್ಲ, ಸರಕಾರದ ಆದೇಶವೂ ಬೇಕಿಲ್ಲ. ಮುಂದಿನ ರಜಾದಿನದಲ್ಲಿ ಮಕ್ಕಳು ಹಾಳೆಯೊಂದನ್ನು ಹಿಡಿದು, ಮನೆಯ ಹಿರಿಯರನ್ನು ಕರೆದುಕೊಂಡು ತಮ್ಮ ಕೇರಿಯಲ್ಲಿ ನಡೆಯಲಿ. ಜಗಲಿಯಿರುವ ಮನೆಗಳೆಷ್ಟು, ಬೀಗ ಬಿದ್ದವೆಷ್ಟು, ಬಾವಿ ಎಲ್ಲಿದೆ, ಅರಳಿಕಟ್ಟೆ ಯಾವ ಸ್ಥಿತಿಯಲ್ಲಿದೆ, ಕಸ ಬಿದ್ದ ತೆರವು ಜಾಗವೆಷ್ಟು, ಯಾವ ಮನೆಯಲ್ಲಿ ಯಾರು ಎಷ್ಟು ತಲೆಮಾರಿನಿಂದ ಇದ್ದಾರೆ ಎಂಬುದನ್ನೆಲ್ಲ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಲಿ. ನಾಳೆ ರಸ್ತೆ ಅಗಲಿಸುವ ನಕ್ಷೆಯೊಂದು ಊರಿಗೆ ಬಂದಾಗ, ಅದರ ಪಕ್ಕದಲ್ಲಿ ಇಡಲು ಕೇರಿಯವರ ಕೈಯಲ್ಲಿಯೂ ಒಂದು ನಕ್ಷೆ ಇರುತ್ತದೆ.